ಶನಿವಾರದ ಎಣ್ಣೆ, ಗುರುವಾರದ ಕಾರು

೧೯೭೯ರ ಮೇ ೩, ಗುರುವಾರ. ಆಧಾರ: ನನ್ನದೇ ಕೈಬರಹದ ಆ ವರ್ಷದ ದಿನಚರಿ; ನೀಲಿ ರಟ್ಟು, ಬೆನ್ನಿನ ಹೊಲಿಗೆ ಬಿಚ್ಚಿದೆ, ಅಲ್ಲಲ್ಲಿ ಎಣ್ಣೆಯ ಕಲೆಗಳಿವೆ. ತಾರೀಖಿಗೂ ವಾರಕ್ಕೂ ಹೊಂದಾಣಿಕೆಯಾಗುತ್ತದೆಯೇ ಎಂಬುದನ್ನು ಹಳೆಯ ಪಂಚಾಂಗವೊಂದರಿಂದ ಪ್ರತ್ಯೇಕವಾಗಿ ತಾಳೆ ನೋಡಿದ್ದೇನೆ, ಆಗುತ್ತದೆ. ಆ ದಿನದ ನಮೂದು ಪೂರ್ತಿಯಾಗಿ ಹೀಗಿದೆ: “ಕಿಬ್ಬನಹಳ್ಳಿಯಲ್ಲಿ ಕಾರು ಮತ್ತೆ ಕುದಿಯಿತು. ರೇಡಿಯೇಟರಿನ ಕೆಳಗಿನ ಹೋಸ್ ಪೈಪು. ಖಲೀಲ್ ಸಾಬರು ಕಂಡುಹಿಡಿದರು. ಆಗ ಆಕ್ಸಿಲರೇಟರ್ ಒತ್ತಿದವನು ನಾನು. ಕೆಂಕೆರೆ ತಲುಪಿದಾಗ ಮೂರು ಗಂಟೆ. ಒಬ್ಬಟ್ಟು.”

ಒಬ್ಬಟ್ಟಿನ ಮುಂದೆ ಏನೂ ಇಲ್ಲ. ಕಲ್ಲಿನ ಮೇಲೆ ಮಾಸಿದ ಒಂದು ಅಕ್ಷರಕ್ಕಾಗಿ ಮೂರು ಪುಟ ಟಿಪ್ಪಣಿ ಬರೆಯುತ್ತಿದ್ದ ಇಪ್ಪತ್ತಾರು ವರ್ಷದ ಸಂಶೋಧಕನು ಒಬ್ಬ ಮನುಷ್ಯನ ಹನ್ನೊಂದು ವರ್ಷದ ಕೆಲಸ ಹೋದ ದಿನವನ್ನು ಒಬ್ಬಟ್ಟಿನಲ್ಲಿ ಮುಗಿಸಿದ್ದಾನೆ. ಅವನನ್ನು ಸಮರ್ಥಿಸುವ ಉದ್ದೇಶ ನನಗಿಲ್ಲ. ಅವನು ನಾನೇ ಎಂಬುದಷ್ಟೇ ತೊಡಕು.

ಈ ಬರಹಕ್ಕೆ ನೆಪವಾದದ್ದು ನನ್ನ ಬರೆಯುವ ಮೇಜು. ಅದರ ಹಿಂದಿನ ಎಡಗಾಲು ಉಳಿದ ಮೂರಕ್ಕಿಂತ ಒಂದು ಬೆರಳು ಗಿಡ್ಡ. ಕಳೆದ ತಿಂಗಳು ಮನೆಗೆ ಬಣ್ಣ ಬಳಿಯಲು ಬಂದವನು ಮೇಜನ್ನು ಸರಿಸಿದಾಗ ಆ ಕಾಲಿನ ಅಡಿಯಿಂದ ಕರಿಯ ತುಂಡೊಂದು ಉರುಳಿತು. “ಇದೇನ್ ಸಾರ್, ಕಲ್ಲೋ ರಬ್ಬರೋ? ಬಿಸಾಕ್ಲಾ?” ಎಂದ. ಕೈಗೆ ತೆಗೆದುಕೊಂಡೆ. ಬೆರಳಿನಿಂದ ಒತ್ತಿದರೆ ಬಾಗದು. ಉಗುರಿನಿಂದ ಕೆರೆದರೆ ಕಪ್ಪು ಹುಡಿ ಉದುರುತ್ತದೆ. ಒಂದು ಕಾಲದಲ್ಲಿ ಇದು ಬಾಳೆಹಣ್ಣಿನ ಸಿಪ್ಪೆಯಂತೆ ಮೆತ್ತಗಿತ್ತು, ಇದರ ಮೆತ್ತನೆಯ ಗುಣದಿಂದಲೇ ಇಷ್ಟೆಲ್ಲ ಆಯಿತು ಎಂದು ಅವನಿಗೆ ಹೇಳಲು ಹೊರಟೆ. ಅವನು ಬ್ರಷ್ಷು ಅದ್ದುತ್ತಿದ್ದ. ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ಮೊದಲು ಎಣ್ಣೆಯ ವಿಷಯ. ತಿಪಟೂರಿನ ಸುತ್ತಿನ ತೆಂಗಿನ ಸೀಮೆಯಲ್ಲಿ ಹುಟ್ಟಿದವರಿಗೆ ಕೊಬ್ಬರಿ ಎಣ್ಣೆಯು ಪದಾರ್ಥವಲ್ಲ, ಅಭಿಪ್ರಾಯ. ಕಿರುಗುಟ್ಟುವ ಬಾಗಿಲಿಗೆ ಅದು, ಕಿರುಗುಟ್ಟುವ ಮಂಡಿಗೂ ಅದು. ಹೊಸ ಚಪ್ಪಲಿ ಕಚ್ಚಿದರೆ ಚಪ್ಪಲಿಗೂ ಹಚ್ಚಿ, ಕಾಲಿಗೂ ಹಚ್ಚುತ್ತಿದ್ದರು. ನನ್ನ ಅಜ್ಜಿ ಹೊಲಿಗೆ ಯಂತ್ರಕ್ಕೂ ಕೊಬ್ಬರಿ ಎಣ್ಣೆಯನ್ನೇ ಬಿಡುತ್ತಿದ್ದರು. ಧನುರ್ಮಾಸದ ಚಳಿಗೆ ಎಣ್ಣೆ ಹೆಪ್ಪುಗಟ್ಟಿ ಯಂತ್ರದ ಚಕ್ರ ತಿರುಗದಾದಾಗ ಅದನ್ನು ಅಂಗಳಕ್ಕೆ ತಂದು ಬಿಸಿಲಿಗೆ ಕೂರಿಸುತ್ತಿದ್ದರು, ಬಾಣಂತಿಯನ್ನು ಕೂರಿಸಿದಂತೆ. ತಪ್ಪು ಎಣ್ಣೆಯದಲ್ಲ, ಚಳಿಯದು ಎಂಬುದು ಅವರ ನಿಲುವು. ಗಂಡಸರಿಗೆ ಶನಿವಾರ ಎಣ್ಣೆ ಸ್ನಾನ. ತಲೆಗೆ ತಟ್ಟಿ, ಮೈಗೆ ತಿಕ್ಕಿ, ಬಟ್ಟಲಿನಲ್ಲಿ ಉಳಿದದ್ದನ್ನು ಚೆಲ್ಲುವಂತಿಲ್ಲ. ಯಾವುದಾದರೊಂದು ವಸ್ತುವಿಗೆ ಒರೆಸಲೇಬೇಕು. ಹೀಗಾಗಿ ನಮ್ಮ ಮನೆಗಳಲ್ಲಿ ಶನಿವಾರದ ಮಧ್ಯಾಹ್ನಕ್ಕೆ ಊರುಗೋಲುಗಳೂ ಕೊಡೆಯ ಹಿಡಿಗಳೂ ಹೊಳೆಯುತ್ತಿದ್ದವು. ಪುಸ್ತಕಗಳೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಪುಟದಂಚಿಗೆ ಎಣ್ಣೆಯ ಬೆರಳು ತಾಗದ ಪುಸ್ತಕ ಆ ಸೀಮೆಯಲ್ಲಿ ಸಿಕ್ಕಿದರೆ ಅದನ್ನು ಯಾರೂ ಓದಿಲ್ಲವೆಂದು ನಿರ್ಣಯಿಸಬಹುದು.

ಆ ವರ್ಷದ ಫೆಬ್ರವರಿ ಕೊನೆಯಿಂದ ನಾನು ತಿಪಟೂರಿನಲ್ಲಿ ದೊಡ್ಡಪ್ಪನ ಮನೆಯಲ್ಲಿದ್ದೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹಳ್ಳಿಗಳಲ್ಲಿ ಬಿದ್ದಿರುವ ಶಾಸನಗಳ ಪ್ರತಿ ತೆಗೆಯುವುದು ನನ್ನ ಕೆಲಸ. ದೊಡ್ಡಪ್ಪ ಕೊಬ್ಬರಿ ವ್ಯಾಪಾರಿ. ಕಾಯಿಯನ್ನು ಒಡೆಯದೆ ವರ್ಷದ ಹತ್ತಿರಹತ್ತಿರ ಅಟ್ಟದ ಮೇಲೆ ಒಣಗಲು ಬಿಟ್ಟು, ಒಳಗಿನ ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾದ ಮೇಲೆ ಒಡೆಯುವುದು ಅಲ್ಲಿಯ ಪದ್ಧತಿ. ಉಂಡೆ ಆಗಿದೆಯೋ ಇಲ್ಲವೋ ಎಂಬುದನ್ನು ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ತಿಳಿಯಬೇಕು. ದೊಡ್ಡಪ್ಪನ ಕಿವಿ ಈ ವಿಷಯದಲ್ಲಿ ಸುತ್ತಮುತ್ತ ಪ್ರಸಿದ್ಧ. ಪ್ರಸಿದ್ಧಿಯ ಫಲವಾಗಿ ಅವರು ಜಗತ್ತಿನ ಸಕಲ ವಸ್ತುಗಳನ್ನೂ ಅಲ್ಲಾಡಿಸಿಯೋ ತಟ್ಟಿಯೋ ಪರೀಕ್ಷಿಸುತ್ತಿದ್ದರು. ಗಡಿಯಾರ, ಗೋಡೆ, ಬರಲಿರುವ ಅಳಿಯನ ಬೆನ್ನು, ಯಾವುದಕ್ಕೂ ವಿನಾಯಿತಿ ಇರಲಿಲ್ಲ.

ಅವರಲ್ಲಿ ಒಂದು ಕರಿಯ ಕಾರಿತ್ತು. ಅದನ್ನು ನಡೆಸುತ್ತಿದ್ದವನು ರುದ್ರಯ್ಯ. ಆಗ ಅವನಿಗೆ ನಲವತ್ತರ ಆಸುಪಾಸು. ಖಾಕಿ ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡೇ ಇರುತ್ತಿದ್ದ. ಊರಿನಲ್ಲಿ ರುದ್ರಯ್ಯ ಎಂಬ ಹೆಸರಿನವರು ಹಲವರಿದ್ದುದರಿಂದ ಇವನು ‘ಕಾರ್ ರುದ್ರಣ್ಣ’. ಆ ಹೆಸರನ್ನು ಯಾರಾದರೂ ಕೂಗಿದಾಗ ಅವನು ತಿರುಗಿ ನೋಡುತ್ತಿದ್ದ ರೀತಿಯಲ್ಲಿ ಒಂದು ಗತ್ತಿತ್ತು. ನನ್ನನ್ನು ಅವನು ‘ಮೇಷ್ಟ್ರೇ’ ಎನ್ನುತ್ತಿದ್ದ. ನಾನು ಯಾವ ಶಾಲೆಯಲ್ಲೂ ಪಾಠ ಹೇಳಿದವನಲ್ಲ. ಸಿಕ್ಕಿದವರಿಗೆಲ್ಲ ಹೇಳುತ್ತಿದ್ದೆ, ಅದಕ್ಕೆ ಇರಬೇಕು.

ಕಾರು ಮೊದಲ ಸಲ ಕುದಿದದ್ದು ಏಪ್ರಿಲ್ ೧೯ರಂದು. ನಾನೂ ದೊಡ್ಡಪ್ಪನೂ ತುರುವೇಕೆರೆಗೆ ಹೊರಟಿದ್ದೆವು. ತಿಪಟೂರಿನ ಬೀದಿಗಳಲ್ಲಿ ಸೊಲ್ಲೆತ್ತದ ಕಾರು, ಕಿಬ್ಬನಹಳ್ಳಿ ಹತ್ತಿರವಾದಂತೆ ಬಾನೆಟ್ಟಿನ ಸಂದಿನಿಂದ ಹಬೆ ಬಿಟ್ಟಿತು. ರುದ್ರಯ್ಯ ರಸ್ತೆಯಂಚಿಗೆ ನಿಲ್ಲಿಸಿ, ತಣಿಯಲು ಬಿಟ್ಟು, ಮುಚ್ಚಳ ತೆಗೆದು ನೋಡಿದರೆ ನೀರು ಅರ್ಧ ಹೊರಗೆ ಉಕ್ಕಿತ್ತು. ಪಕ್ಕದ ತೋಟದವನನ್ನು ನೀರು ಕೇಳಿದ.

“ನೀರಾ? ಬಾವಿ ಆ ತುದೀಲೈತೆ ಕಣಣ್ಣ, ಹಗ್ಗ ಬೇರೆ ಇಲ್ಲ. ಎಳನೀರಾದ್ರೆ ಇಲ್ಲೇ ಐತಲ್ಲ, ಕೆಡವಿ ಕೊಡ್ಲಾ?”

ದೊಡ್ಡಪ್ಪನಿಗೆ ಇದು ಬಹಳ ಸಮಂಜಸವಾಗಿ ಕಂಡಿತು. ರುದ್ರಯ್ಯ ಮಾತ್ರ ಮುಚ್ಚಳವನ್ನು ಕೈಯಲ್ಲಿ ಹಿಡಿದೇ ನಿಂತಿದ್ದ.

“ಬ್ಯಾಡಿ ಯಜಮಾನ್ರೇ. ಉಪ್ಪೂ ಐತೆ, ಸಕ್ಕರೇನೂ ಐತೆ ಅದ್ರಾಗೆ. ಒಳಗೆಲ್ಲ ಕಿಲುಬು ಹಿಡೀತದೆ.”

“ಸಾಯೋ ರೋಗಿಗೆ ಆಯ್ತದೆ, ಕಾರಿಗೆ ಆಗಲ್ವೇನ್ಲಾ? ಸುರಿ ಬುಡು.”

ಒಂಬತ್ತು ಎಳನೀರು ಹಿಡಿಯಿತು. ತುರುವೇಕೆರೆಯಲ್ಲಿ ಕಾರನ್ನು ನಿಲ್ಲಿಸಿದ ಜಾಗಕ್ಕೆ ಇರುವೆಗಳು ಸಾಲುಗಟ್ಟಿ ಬಂದವು. ಮರುದಿನ ರುದ್ರಯ್ಯ ರೇಡಿಯೇಟರಿನ ಕೆಳಗಿನ ಬಿರಡೆ ಬಿಚ್ಚಿ, ಬಕೆಟ್ಟುಗಟ್ಟಲೆ ನೀರು ಹಾಯಿಸಿ ತೊಳೆದ. ತೊಳೆಯುವಾಗ ಯಾರನ್ನೂ ಬೈಯಲಿಲ್ಲ. ಇದನ್ನು ನೆನಪಿನಿಂದ ಬರೆಯುತ್ತಿದ್ದೇನೆ. ದಿನಚರಿಯಲ್ಲಿ ಇರುವೆಗಳ ಪ್ರಸ್ತಾಪ ಮಾತ್ರ ಇದೆ.

ಎರಡನೆಯ ಸಲ ಏಪ್ರಿಲ್ ೨೬. ಅದೇ ರಸ್ತೆ, ಹೆಚ್ಚುಕಡಿಮೆ ಅದೇ ಮೈಲಿಗಲ್ಲು. ಈ ನಡುವೆ ತಿಪಟೂರಿನಲ್ಲಿ ರೇಡಿಯೇಟರನ್ನು ಇಳಿಸಿ ಸ್ವಚ್ಛ ಮಾಡಿಸಲಾಗಿತ್ತು. ಫ್ಯಾನಿನ ಬೆಲ್ಟು ಬಿಗಿಸಲಾಗಿತ್ತು. ಎಂಜಿನ್ನು ಬಿಸಿಯೇರುವವರೆಗೆ ನೀರನ್ನು ತಡೆದಿಡುವ ಪುಟ್ಟ ಕವಾಟವನ್ನು ತೆಗೆದು, ಅದನ್ನು ದೊಡ್ಡಪ್ಪ ಕಿವಿಯ ಬಳಿ ಅಲ್ಲಾಡಿಸಿ, “ಇದ್ರಲ್ಲೇನೂ ಇಲ್ಲ” ಎಂದು ಎಸೆದಿದ್ದರು. ಆದರೂ ಕುದಿಯಿತು. ನಿಲ್ಲಿಸಿ ಬಾನೆಟ್ ಎತ್ತಿದರೆ ಎಲ್ಲವೂ ಸರಿಯಾಗಿದ್ದಂತೆಯೇ ಕಾಣುತ್ತಿತ್ತು. ಎಲ್ಲಿಯೂ ಸೋರಿಕೆ ಇಲ್ಲ, ಬಿರುಕಿಲ್ಲ. ದೊಡ್ಡಪ್ಪ ಉಂಗುರದ ಬೆರಳಿನಿಂದ ರೇಡಿಯೇಟರನ್ನು ಮೂರು ಕಡೆ ತಟ್ಟಿ ಕಿವಿಗೊಟ್ಟರು.

“ಲೇ ರುದ್ರ, ಕಾಯಿ ಉಂಡೆ ಆಗೈತೋ ಇಲ್ವೋ ಅನ್ನೋದು ಒಡೀದೇ ಹೇಳ್ತೀನಿ ಕಣ್ಲಾ ನಾನು. ಈ ತಗಡು ಡಬ್ಬ ಗೊತ್ತಾಗಲ್ವಾ? ಇದು ಸರಿಯಾಗೈತೆ. ಸರಿ ಇಲ್ದೇ ಇರೋದು ಓಡ್ಸೋನು.”

“ನೀರು ನೋಡ್ಕೊಂಡೇ ತಗ್ದೆ ಯಜಮಾನ್ರೇ.”

“ಹಂಗಂತೀಯ. ಮೂರನೇ ಸಲ ಕುದೀತು ಅಂದ್ರೆ ಕೀ ನನ್ನ ಕೈಲಿಟ್ಟು ಅಟ್ಟ ಹತ್ತು. ಕಾಯಿ ಆರ್ಸೋಕೆ ಆಳು ಬೇಕಾಗೈತೆ.”

ಅಟ್ಟ ಹತ್ತುವುದು ಎಂದರೆ ಬೆಳಗಿನಿಂದ ಸಂಜೆಯವರೆಗೆ ಸೂರಿನಡಿ ಕುಕ್ಕರಗಾಲಿನಲ್ಲಿ ಕೂತು ಕಾಯಿಗಳನ್ನು ಅಲ್ಲಾಡಿಸಿ ಬೇರ್ಪಡಿಸುವುದು. ಅದನ್ನು ಮಾಡಿ ಬದುಕಿದ ಗೌರವಸ್ಥರು ಎಷ್ಟೋ ಮಂದಿ. ಆದರೆ ರುದ್ರಯ್ಯ ಕಾರ್ ರುದ್ರಣ್ಣ. ಆ ವಾರವೆಲ್ಲ ಅವನು ಹೊತ್ತು ಹುಟ್ಟುವ ಮೊದಲೇ ಬಂದು ಕಾರಿನ ಸುತ್ತ ಓಡಾಡುವುದನ್ನು ನಾನು ಮಹಡಿಯ ಕಿಟಕಿಯಿಂದ ನೋಡಿದ್ದೇನೆ. ಬಾನೆಟ್ ಎತ್ತಿ ಸುಮ್ಮನೆ ನಿಂತಿರುತ್ತಿದ್ದ. ನಿಂತ ಎಂಜಿನ್ನಿನಲ್ಲಿ ಕಾಣುವಂಥದ್ದೇನೂ ಇರಲಿಲ್ಲ.

ಮೇ ೩ಕ್ಕೆ ಬರೋಣ. ದೊಡ್ಡಪ್ಪನ ಹೊಸ ಮನೆಯ ಗೃಹಪ್ರವೇಶ ಹತ್ತಿರವಿತ್ತು. ಕೆಂಕೆರೆಯ ನೆಂಟರನ್ನು ಮನೆಯ ಹಿರಿಯರೇ ಖುದ್ದಾಗಿ ಹೋಗಿ ಕರೆಯಬೇಕು. ಕಾಗದದಲ್ಲಿ ಕರೆದರೆ ಕಾಗದವೇ ಊಟಕ್ಕೆ ಬರಲಿ ಎನ್ನುವ ಜನ. ತಿಪಟೂರು ಬಿಟ್ಟದ್ದು ಬೆಳಗ್ಗೆ ಒಂಬತ್ತಕ್ಕೆ. ರುದ್ರಯ್ಯ ಕಾರನ್ನು ಎಷ್ಟು ಮೆಲ್ಲಗೆ ನಡೆಸಿದನೆಂದರೆ ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿ ಹೋಗುವಾಗ ಕಿಟಕಿಯೊಳಗೆ ಇಣುಕಿ ದೊಡ್ಡಪ್ಪನಿಗೆ ನಮಸ್ಕಾರ ಹೇಳಿದ. ಕಾರು ಕುದಿಯಲಿಲ್ಲ. ಹೀಗೆಯೇ ಹೋಗಿದ್ದರೆ ಕೆಂಕೆರೆಯವರೆಗೂ ಕುದಿಯುತ್ತಿರಲಿಲ್ಲವೆಂದು ಈಗ ಗೊತ್ತು. ಆದರೆ ಆ ನಮಸ್ಕಾರ ದೊಡ್ಡಪ್ಪನಿಗೆ ತಾಗಿತು.

“ಏನೋ ಇದು, ಹೆಣ ಸಾಗಿಸ್ತಿದೀಯಾ? ಒತ್ತೋ!”

ರುದ್ರಯ್ಯ ಒತ್ತಿದ. ಕಿಬ್ಬನಹಳ್ಳಿಯ ಕೂಡುರಸ್ತೆ ಕಣ್ಣಿಗೆ ಬೀಳುವಷ್ಟರಲ್ಲಿ ಹಬೆಯೂ ಕಂಡಿತು. ರುದ್ರಯ್ಯ ಕಾರನ್ನು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಕೀಲಿಯ ಮೇಲಿಂದ ಕೈ ತೆಗೆಯಲಿಲ್ಲ.

ಕೂಡುರಸ್ತೆಯಲ್ಲಿ, ಬಸ್ಸುಗಳು ನಿಲ್ಲುವ ಜಾಗದಿಂದ ಸ್ವಲ್ಪ ಆಚೆಗೆ, ಬೇವಿನ ಮರದ ಕೆಳಗೆ ಖಲೀಲ್ ಸಾಬರ ರಿಪೇರಿ ಜಾಗವಿತ್ತು. ಲಾರಿಗಳೇ ಅವರ ಮುಖ್ಯ ರೋಗಿಗಳು. ತೆಳ್ಳಗಿನ ಮನುಷ್ಯ, ಬಿಳಿಯ ಗಡ್ಡ. ಅವರು ತಕ್ಷಣ ಬಾನೆಟ್ಟಿಗೆ ಕೈ ಹಾಕಲಿಲ್ಲ. ಒಂದು ಒದ್ದೆ ಗೋಣಿಚೀಲವನ್ನು ಅದರ ಮೇಲೆ ಹೊದಿಸಿ, ಕಲ್ಲಿನ ಮೇಲೆ ಕೂತು ರುದ್ರಯ್ಯನನ್ನು ಪ್ರಶ್ನಿಸತೊಡಗಿದರು.

“ಊರೊಳಗೆ ಕಾಯ್ತದಾ ರುದ್ರಣ್ಣ?”

“ಇಲ್ಲ ಸಾಬ್ರೇ.”

“ನಿಂತಲ್ಲೇ ಎಂಜಿನ್ ಓಡ್ತಿದ್ರೆ?”

“ಅರ್ಧ ಗಂಟೆ ಬಿಟ್ಟು ನೋಡ್ದೆ. ಏನೂ ಇಲ್ಲ.”

“ರೋಡ್ ಖಾಲಿ ಸಿಕ್ಕಿ ಎತ್ತಿ ಹೊಡೆದ್ರೆ?”

“ಆಗ್ಲೇ ನೋಡಿ.”

“ನಿಲ್ಸಿ ನೋಡಿದ್ರೆ ಎಲ್ಲಾ ಬರಾಬರ್?”

“ಎಲ್ಲಾ ಸರಿ.”

ಸಾಬರು ನಕ್ಕರು. “ಹಂಗಾದ್ರೆ ನೀವು ನೋಡೋ ಹೊತ್ತಿಗೆ ಕಳ್ಳ ಸನ್ಯಾಸಿ ಆಗಿರ್ತಾನೆ. ಕದಿಯೋವಾಗ್ಲೇ ನೋಡ್ಬೇಕು.”

ನನ್ನ ಅರ್ಧ ಆಯುಷ್ಯದ ಸಂಶೋಧನಾ ವಿಧಾನಕ್ಕೆ ಇದಕ್ಕಿಂತ ಉತ್ತಮ ಸೂತ್ರ ನನಗೆ ಯಾವ ಗ್ರಂಥದಲ್ಲೂ ಸಿಕ್ಕಿಲ್ಲ. ಅಷ್ಟು ದಿನ ನಾವೆಲ್ಲರೂ ಮಾಡಿದ ತಪ್ಪು ಒಂದೇ: ನಿಂತ ಎಂಜಿನ್ನನ್ನು ಪರೀಕ್ಷಿಸಿದ್ದು. ಒಣಗಿದ ಕಾಯಿಯ ಒಳಗನ್ನು ಹೊರಗಿನಿಂದ ಅರಿಯುವ ಸೀಮೆಯ ಜನ. ಸುಮ್ಮನೆ ಕೂತ ವಸ್ತುವೂ ನಿಜ ಹೇಳುತ್ತದೆ ಎಂದು ನಂಬಿದ್ದೆವು.

ತಣಿದ ಮೇಲೆ ಸಾಬರು ನೀರು ತುಂಬಿಸಿ, ಬಾನೆಟ್ ಎತ್ತಿ ಊರುಗೋಲು ಕೊಟ್ಟರು. ರುದ್ರಯ್ಯನನ್ನೂ ದೊಡ್ಡಪ್ಪನನ್ನೂ ಎದುರಿಗೆ ನಿಲ್ಲಿಸಿಕೊಂಡು ನನ್ನನ್ನು ಕರೆದರು. “ನೀವು ಒಳಗೆ ಕೂತು ಆಕ್ಸಿಲರೇಟರ್ ಒತ್ತಿ. ನಾನು ಬಿಡಿ ಅನ್ನೋವರ್ಗೂ ಬಿಡ್ಬಾರ್ದು.”

ಒತ್ತಿದೆ. ಎಂಜಿನ್ನು ಗರ್ಜಿಸಿತು.

“ಇನ್ನೂ ಒತ್ತಿ... ಇನ್ನೂ... ಹಾಂ! ಕೆಳಗೆ ನೋಡಿ ಯಜಮಾನ್ರೇ, ಕೆಳಗಿನ ಪೈಪು!”

“ಅಯ್ಯೋ ಶಿವನೇ, ಚಪ್ಪಟೆ ಆಗೋಯ್ತಲ್ಲೋ!”

“ಈಗ ಬಿಡಿ. ಹಾಂ. ನೋಡಿ, ಉಬ್ಬಿ ಸಾಹುಕಾರನಂಗೆ ಕೂತ್ಕೊಂತು. ಮತ್ತೆ ಒತ್ತಿ.”

ಆಮೇಲೆ ಸಾಬರು ವಿವರಿಸಿದರು. ಎಂಜಿನ್ನಿನ ಪಂಪು ರೇಡಿಯೇಟರಿನಿಂದ ತಣ್ಣೀರನ್ನು ಈ ಕೆಳಗಿನ ಪೈಪಿನ ಮೂಲಕ ಎಳೆಯುತ್ತದೆ. ವೇಗ ಹೆಚ್ಚಿದಷ್ಟೂ ಜೋರಾಗಿ ಎಳೆಯುತ್ತದೆ. “ಪರಂಗಿ ಎಲೆ ದಂಟಲ್ಲಿ ಎಳನೀರು ಕುಡೀತೀರಲ್ಲ, ಬಾಡಿದ ದಂಟಾದ್ರೆ ಜೋರಾಗಿ ಎಳೆದಾಗ ಏನಾಗ್ತದೆ? ಎರಡೂ ಕಡೆ ಒಳಕ್ಕೆ ಅಂಟ್ಕೊಂತದೆ. ನೀರು ಬರಲ್ಲ. ಬಾಯಿ ತೆಗೆದ್ರೆ ಮತ್ತೆ ದುಂಡಗೆ. ಇದೂ ಅದೇ.” ಕೆಲವು ಪೈಪುಗಳ ಒಳಗೆ ತಂತಿಯ ಸುರುಳಿ ಇರುತ್ತದಂತೆ, ಇದರಲ್ಲಿ ಇರಲಿಲ್ಲ. ರಬ್ಬರಿನ ಗಟ್ಟಿತನವೇ ಇದಕ್ಕೆ ಬೆನ್ನೆಲುಬು.

ಇಲ್ಲಿ ನನ್ನದೊಂದು ತಪ್ಪನ್ನು ತಿದ್ದಬೇಕಾಗಿದೆ. ಈ ಪ್ರಸಂಗವನ್ನು ನಾನು ನಲವತ್ತಕ್ಕೂ ಹೆಚ್ಚು ವರ್ಷಗಳಿಂದ ಮದುವೆಗಳಲ್ಲಿ, ರೈಲಿನಲ್ಲಿ, ವಿಚಾರ ಸಂಕಿರಣಗಳ ಊಟದ ಸಾಲಿನಲ್ಲಿ ಹೇಳುತ್ತ ಬಂದಿದ್ದೇನೆ. ಹೇಳುವಾಗಲೆಲ್ಲ ಆ ಪೈಪು ಒಳಕ್ಕೆ ಕುಸಿಯುವುದನ್ನು ನನ್ನ ಕೆನ್ನೆಗಳನ್ನು ಒಳಗೆಳೆದುಕೊಂಡು ಅಭಿನಯಿಸಿ ತೋರಿಸುತ್ತೇನೆ. ಅದು ನನ್ನ ಕಣ್ಣಿಗೆ ಕಟ್ಟಿದಂತಿದೆ: ಕಪ್ಪು ಮೈ ಮೆಲ್ಲಗೆ ಕುಗ್ಗಿ, ನಡುವೆ ಗೆರೆ ಮೂಡಿ, ಎರಡು ತುಟಿ ಮುಚ್ಚಿದಂತೆ ಮುಚ್ಚಿಕೊಂಡದ್ದು. ಆದರೆ ದಿನಚರಿಯ ಪ್ರಕಾರ ನಾನು ಸ್ಟೀರಿಂಗಿನ ಹಿಂದೆ ಕೂತಿದ್ದೆ. ಮುಂದೆ ಎತ್ತಿದ ಬಾನೆಟ್ಟು. ಅಲ್ಲಿಂದ ನನಗೆ ಕಂಡಿರಬಹುದಾದದ್ದು ಬಣ್ಣ ಬಳಿದ ತಗಡು ಮಾತ್ರ. ನಾನು ಕೇಳಿದ್ದನ್ನು ಕಂಡದ್ದೆಂದು ಇಷ್ಟು ವರ್ಷ ಸಾಕ್ಷಿ ಹೇಳಿದ್ದೇನೆ. ಇಂಥ ಸಾಕ್ಷಿಯನ್ನು ಬೇರೆಯವರ ಲೇಖನದಲ್ಲಿ ಕಂಡಿದ್ದರೆ ಅಂಚಿನಲ್ಲಿ ಕೆಂಪು ಗೆರೆ ಎಳೆಯುತ್ತಿದ್ದೆ.

ಸಾಬರು ಕ್ಲಿಪ್ಪು ಸಡಿಲಿಸಿ ಪೈಪನ್ನು ಹೊರತೆಗೆದರು. ಎರಡು ಬೆರಳಿನಲ್ಲಿ ಅದುಮಿದರು. ಬೆರಳನ್ನು ಮೂಗಿನ ಬಳಿ ಹಿಡಿದರು. ಮತ್ತೊಮ್ಮೆ ಹಿಡಿದರು.

“ಏನ್ ಯಜಮಾನ್ರೇ, ಹೋಸ್ ಪೈಪ್‌ಗೆ ಮದ್ವೆ ಗೊತ್ತಾಗಿತ್ತಾ? ಎಣ್ಣೆ ಶಾಸ್ತ್ರ ಮಾಡ್ಸಿದೀರಿ!”

“ಏನಂದ್ರಿ?”

“ಕೊಬ್ರಿ ಎಣ್ಣೆ ಕಣ್ರೀ. ಒಂದಿನ ಎರಡು ದಿನದ್ದಲ್ಲ, ವಾರವಾರ ಕುಡ್ಸಿದಾರೆ. ರಬ್ಬರ್‌ಗೆ ಎಣ್ಣೆ ಅಂದ್ರೆ ಮರಕ್ಕೆ ಗೆದ್ದಲು. ಮೇಲೆ ಮಿಂಚ್ತದೆ, ಒಳಗೆ ಹಿಟ್ಟಾಗ್ತದೆ.”

ಆ ಹೊತ್ತಿಗೆ ನಾನು ಕಾರಿನಿಂದ ಇಳಿದು ಅವರ ಬಳಿ ನಿಂತಿದ್ದೆ. ದೊಡ್ಡಪ್ಪ ಕೇಳಿದ್ದು ಒಂದೇ ಮಾತು: “ಯಾರು ಹಚ್ಚಿದ್ದು?”

ರುದ್ರಯ್ಯ ಒಮ್ಮೆ ನನ್ನ ಕಡೆ ನೋಡಿದ. ಹೆಚ್ಚು ಹೊತ್ತಲ್ಲ. ಸಿಕ್ಕಿಬಿದ್ದವನು ಆಸರೆಗಾಗಿ ನೋಡುವ ನೋಟವೆಂದು ನಾನು ಇದನ್ನು ವರ್ಣಿಸುತ್ತ ಬಂದಿದ್ದೇನೆ.

“ನಾನೇ ಯಜಮಾನ್ರೇ. ಬಿರುಕು ಬಿಡ್ದೇ ಇರ್ಲಿ ಅಂತ.”

“ರುದ್ರಣ್ಣ, ನೀನಾ?” ಎಂದರು ಖಲೀಲ್ ಸಾಬರು.

“ಸುಮ್ನಿರಿ ಸಾಬ್ರೇ.”

“ಹನ್ನೊಂದು ವರ್ಷ ಓಡ್ಸಿದೀಯ,” ಎಂದರು ದೊಡ್ಡಪ್ಪ. “ಇಷ್ಟು ಗೊತ್ತಾಗ್ಲಿಲ್ವೇನೋ?”

“ಗೊತ್ತಾಗ್ಲಿಲ್ಲ.”

“ಕೀ.”

ರುದ್ರಯ್ಯ ಕೀಲಿಯನ್ನು ಅಂಗಿಯ ತುದಿಗೆ ಒರೆಸಿ, ದೊಡ್ಡಪ್ಪನ ಅಂಗೈಯಲ್ಲಿಟ್ಟ. ಸಾಬರು ಲಾರಿಯ ಪೈಪಿನಿಂದ ಬೇಕಾದಷ್ಟು ಉದ್ದ ಕತ್ತರಿಸಿ ಜೋಡಿಸಿದರು. ಹಳೆಯದನ್ನು ಎಸೆದಾಗ ನಾನು ಅದರ ತುಂಡೊಂದನ್ನು ಚೀಲಕ್ಕೆ ಹಾಕಿಕೊಂಡೆ. ಏನನ್ನಾದರೂ ಸಂಗ್ರಹಿಸದೆ ಬರುವುದು ಆಗ ನನಗೆ ಸಾಧ್ಯವಿರಲಿಲ್ಲ. ದೊಡ್ಡಪ್ಪ ತಾವೇ ಕಾರು ನಡೆಸಿದರು. ರುದ್ರಯ್ಯ ರಸ್ತೆ ದಾಟಿ ತಿಪಟೂರಿನ ಬಸ್ಸಿಗೆ ನಿಂತ. ಹೋಗುವಾಗ ನಾನು, “ಹೋಗ್ಲಿ ಬಿಡಿ ದೊಡ್ಡಪ್ಪ, ಪಾಪ, ತಿಳೀದೆ ಮಾಡಿದಾನೆ” ಎಂದು ಅವನ ಪರವಾಗಿ ಹೇಳಿದೆನೆಂಬ ನೆನಪಿದೆ. ಇದಕ್ಕೆ ಎರಡನೆಯ ಮೂಲ ಇಲ್ಲ.

ಮರುದಿನದಿಂದ ರುದ್ರಯ್ಯ ಅಟ್ಟದ ಮೇಲೆ. ಮಳೆಗಾಲ ಮುಗಿಯುವವರೆಗೆ ಅಲ್ಲಿದ್ದ. ಆಮೇಲೆ ಕೆಲಸ ಬಿಟ್ಟು ತುರುವೇಕೆರೆಯ ಕಡೆ ಯಾರದೋ ಲಾರಿಗೆ ಹೋದ ಎಂದು ಕೇಳಿದೆ. ಗೃಹಪ್ರವೇಶಕ್ಕೆ ಬಂದ ನೆಂಟರಿಗೆಲ್ಲ ನಾನೇ ಈ ಕಥೆ ಹೇಳಿದೆ: ಶನಿವಾರ ತಾನು ಮಿಂದು, ಕಾರಿಗೂ ಎಣ್ಣೆ ಹಚ್ಚಿ, ಅದರ ಕಿವಿಗೆ ಹತ್ತಿ ಇಡುವುದೊಂದನ್ನು ಬಾಕಿ ಉಳಿಸಿದ ಡ್ರೈವರ್. ಬಹಳ ನಕ್ಕರು. ಕೆಂಕೆರೆಯ ಅತ್ತೆಯೊಬ್ಬರು ನೀರು ನೆತ್ತಿಗೇರುವಷ್ಟು ನಕ್ಕರು. ಆ ತಿಂಗಳಲ್ಲೇ ಊರಿನವರು ಅವನನ್ನು ‘ಎಣ್ಣೆ ರುದ್ರಣ್ಣ’ ಎನ್ನತೊಡಗಿದರು. ಕರೆದಾಗ ಅವನು ತಿರುಗಿ ನೋಡುತ್ತಿದ್ದನೋ ಇಲ್ಲವೋ ನಾನು ಗಮನಿಸಲಿಲ್ಲ.

ಇನ್ನೊಂದು ಸಲ ಅವನನ್ನು ಕಂಡದ್ದುಂಟು. ಸುಮಾರು ೧೯೮೬ ಇರಬೇಕು. ಆ ವರ್ಷ ನಾನು ದಿನಚರಿ ಬರೆದಿಲ್ಲವಾದ್ದರಿಂದ ಖಚಿತಪಡಿಸಲಾರೆ. ತುರುವೇಕೆರೆಯ ಬಸ್ ನಿಲ್ದಾಣದಲ್ಲಿ ಲಾರಿಯೊಂದರ ಪಕ್ಕ ನಿಂತು ಬೀಡಿ ಸೇದುತ್ತಿದ್ದ. ಮೇಲಿನ ಗುಂಡಿ ಹಾಕಿಯೇ ಇತ್ತು. ನನ್ನನ್ನು ಕಂಡು ಬೀಡಿ ಎಸೆದು ಹತ್ತಿರ ಬಂದ.

“ಚೆನ್ನಾಗಿದೀರಾ ಮೇಷ್ಟ್ರೇ? ಕಲ್ಲುಗಳೆಲ್ಲ ಓದಾಯ್ತಾ?”

“ಇನ್ನೂ ಇವೆ ರುದ್ರಯ್ಯ.”

“ಇರ್ತವೆ ಬುಡಿ, ಎಲ್ಲೋಯ್ತವೆ.” ಆಮೇಲೆ ನನ್ನ ತಲೆಯ ಕಡೆ ನೋಡಿ ನಕ್ಕ. “ಈಗ್ಲೂ ಶನಿವಾರ ಎಣ್ಣೆ ಹಚ್ಕೊಂತೀರಾ?”

ನನ್ನ ಕೂದಲು ಆಗ ಅರ್ಧ ಉದುರಿತ್ತು. ಬೋಳುತಲೆಯನ್ನು ಗೇಲಿ ಮಾಡುತ್ತಿದ್ದಾನೆಂದುಕೊಂಡು ನಾನೂ ನಕ್ಕೆ. “ಹಚ್ಚೋಕೆ ಜಾಗ ಕಡಿಮೆಯಾಗಿದೆ ಕಣಪ್ಪ, ಎಣ್ಣೆ ಉಳಿಯುತ್ತೆ” ಎಂದೆ. ಅವನು ನಗು ನಿಲ್ಲಿಸಿ, “ಉಳಿದ್ರೆ ಹುಷಾರು ಮೇಷ್ಟ್ರೇ” ಎಂದು ಹೇಳಿ, ಲಾರಿ ಹತ್ತಿದ. ಈ ಮಾತನ್ನೂ ನಾನು ಕಥೆಗೆ ಸೇರಿಸಿಕೊಂಡಿದ್ದೆ. ತನ್ನ ಮೂರ್ಖತನವನ್ನು ತಾನೇ ಹಾಸ್ಯ ಮಾಡಬಲ್ಲವನಾಗಿದ್ದ ಎಂಬುದಕ್ಕೆ ಉದಾಹರಣೆಯಾಗಿ.

ಬರಹ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ರುದ್ರಯ್ಯ ಎಣ್ಣೆ ಹಚ್ಚಲು ಶುರುಮಾಡಿದ್ದು ಎಂದಿನಿಂದ ಎಂದು ಯಾರಾದರೂ ಓದುಗರು ಕೇಳಿಯಾರು ಎಂಬ ವೃತ್ತಿಸಹಜ ಭಯದಿಂದ ನಿನ್ನೆ ದಿನಚರಿಯನ್ನು ಹಿಂದಕ್ಕೆ ಮಗುಚಿದೆ. ಏಪ್ರಿಲ್ ಪುಟಗಳಲ್ಲಿ ಏನೂ ಸಿಗಲಿಲ್ಲ. ಮಾರ್ಚಿನ ಎರಡು ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕೊಬ್ಬರಿ ಎಣ್ಣೆ ಹೀರಿದ ಕಾಗದ ಒಣಗಿ, ದೀಪಕ್ಕೆ ಹಿಡಿದರೆ ಬೆಳಕು ಹಾಯುವಷ್ಟು ತೆಳ್ಳಗಾಗಿತ್ತು. ಕಾಗದ ಕತ್ತರಿಸುವ ಮೊಂಡ ಅಲಗಿನಿಂದ ನಿಧಾನವಾಗಿ ಬಿಡಿಸಿದೆ.

೧೯೭೯ರ ಮಾರ್ಚ್ ೩, ಶನಿವಾರ. ನಮೂದು ಹೀಗಿದೆ: “ಎಣ್ಣೆ ಸ್ನಾನ. ಬಟ್ಟಲಲ್ಲಿ ಉಳಿದದ್ದನ್ನು ಕಾರಿನ ರಬ್ಬರ್ ಪೈಪುಗಳಿಗೆ ಹಚ್ಚಿದೆ; ಬಿರುಕು ಬಿಡದಿರಲೆಂದು. ಇನ್ನು ಪ್ರತಿ ಶನಿವಾರ ಹೀಗೆ ಮಾಡತಕ್ಕದ್ದು. ರುದ್ರಯ್ಯ ಬೇಡವೆಂದ. ಚರ್ಮಕ್ಕೂ ರಬ್ಬರಿಗೂ ಗುಣದಲ್ಲಿ ಭೇದವಿಲ್ಲವೆಂದು ಅವನಿಗೆ ತಿಳಿಹೇಳಿದೆ.”

ಅಕ್ಷರ ನನ್ನದು. ಆ ವರ್ಷ ನಾನು ಬಳಸುತ್ತಿದ್ದ ಹಸಿರು ಶಾಯಿ. ಪುಟದ ಎಡ ಅಂಚಿನಲ್ಲಿ ಎಣ್ಣೆಯ ಹೆಬ್ಬೆರಳ ಗುರುತೊಂದಿದೆ. ನನ್ನ ಎಡ ಹೆಬ್ಬೆರಳನ್ನು ಅದರ ಮೇಲಿಟ್ಟು ನೋಡಿದೆ. ಅಳತೆ ಸರಿಯಾಗಿದೆ.